ಮೀಟರ್ ಓದಲು ಬಂದವನು

ಹಾಲ್ಕುರಿಕೆ
6-8-2024, ಮಂಗಳವಾರ

ಲೇ ಹುಚ್ಚರಂಗ,

ಮೇಲಿರುವ ಊರು, ತಾರೀಖು, ವಾರ ಮೂರನ್ನೂ ಕ್ಯಾಲೆಂಡರ್ ಕಡೆ ಕಣ್ಣು ಹಾಯಿಸದೆ ಬರೆದಿದ್ದೇನೆ. ಸರಿಯಿದ್ದರೆ ಕೆಂಪಿಂಕಿನಲ್ಲಿ ಒಂದು ಗೀಟು ಎಳೆದು ಮರುಟಪಾಲಿಗೆ ತಿಳಿಸು. ತಪ್ಪಿದ್ದರೆ ತಿಳಿಸಬೇಡ, ನಿನ್ನ ಹತ್ತಿರವೇ ಇರಲಿ.

ನಿನಗೆ ಕಾಗದ ಬರೆಯುವಷ್ಟು ಪ್ರೀತಿ ಇವನಿಗೆ ಎಲ್ಲಿಂದ ಉಕ್ಕಿತು ಎಂದು ಹಿಗ್ಗಬೇಡ. ಇದು ಆಸ್ಪತ್ರೆಯ ಆಜ್ಞೆ. ಲಿಖಿತಾ ಅಂತ ಒಂದು ಹುಡುಗಿ, ಮಂಕಾದ ತಲೆಗೆ ವ್ಯಾಯಾಮ ಮಾಡಿಸುವ ಡಾಕ್ಟರು. ‘ತಾತಾ, ವಾರಕ್ಕೊಂದು ಕಾಗದ ಕೈಯಲ್ಲೇ ಬರೀಬೇಕು. ತಾರೀಖು ನೀವೇ ನೆನಪು ಮಾಡ್ಕೋಬೇಕು. ಬರೆದದ್ದನ್ನ ಹೊಡೆದು ಹಾಕಬಾರದು’ ಅಂದಳು. ಯಾರಿಗೆ ಬರೆಯಲಿ? ಊರಲ್ಲಿ ಎಲ್ಲರ ಹತ್ತಿರವೂ ಫೋನಿದೆ. ಮೂವತ್ತು ವರ್ಷ ಮಾಯಸಂದ್ರದ ನೀರುಗಂಟಿಯಾಗಿ ಪಂಪ್‌ಹೌಸಿನ ಮೋಟ್ರು ಪಕ್ಕ ಕೂತು, ಊರಿಗೆಲ್ಲ ನೀರು ಬಿಟ್ಟು, ಅದರ ಜೊತೆಗೆ ಎರಡು ಕಿವಿಯನ್ನೂ ಬಿಟ್ಟ ಮಹಾನುಭಾವ ನೀನೊಬ್ಬನೇ. ಫೋನು ಹೊಡೆದುಕೊಂಡರೆ ಕರೆಂಟು ಬಂತು ಅಂತ ಎದ್ದು ಹೋಗುವವನು.

ನನ್ನ ಫೋನೂ ಜಪ್ತಿಯಾಗಿದೆ. ಆಸ್ಪತ್ರೆಯಿಂದ ಬಂದ ಎರಡನೇ ದಿನ ನಾನು ಲೈನ್‌ಮನ್ ಸದಾಶಿವಯ್ಯನಿಗೆ ಫೋನು ಮಾಡಿ ಯುಗಾದಿಯ ಶುಭಾಶಯ ಹೇಳಿದೆನಂತೆ. ಆಷಾಢದಲ್ಲಿ. ಅವನು ಪಾಪ, ‘ನಿಮಗೂ ಸಾರ್’ ಅಂದನಂತೆ. ಗಿರಿಜ ನನ್ನ ಫೋನು, ಅವಳ ಫೋನು ಎರಡನ್ನೂ ಒಯ್ದು ಕೊಬ್ಬರಿ ಅಟ್ಟದ ಮೇಲೆ ಇಟ್ಟು, ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಾಳೆ. ನಲವತ್ತು ವರ್ಷ ನನ್ನ ಜೊತೆ ಬಾಳಿದ ಹೆಂಗಸಿನ ಮುಂಜಾಗ್ರತೆ ಅಂದರೆ ಹಾಗಿರುತ್ತದೆ.

ನೀನಂತೂ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ, ಆದ್ದರಿಂದ ನಡೆದದ್ದನ್ನು ನಾನೇ ಹೇಳಬೇಕು. ಎದೆಯಿಂದ ಹೊರಡುವ ದೊಡ್ಡ ರಕ್ತನಾಳ ಹಳೇ ಸೈಕಲ್ ಟ್ಯೂಬಿನ ಹಾಗೆ ಒಂದು ಕಡೆ ಉಬ್ಬಿಕೊಂಡಿತ್ತು. ಜುಲೈ ಒಂಬತ್ತಕ್ಕೆ ಎದೆ ತೆರೆದು, ಆ ತುಂಡನ್ನು ಕತ್ತರಿಸಿ, ಬಟ್ಟೆಯ ಕೊಳವೆ ಹೊಲಿದರು. ಹೌದು, ಬಟ್ಟೆಯದು. ಟೆರಿಕಾಟಿನ ಜಾತಿಯಂತೆ. ತಲೆಗೆ ರಕ್ತ ಒಯ್ಯುವ ಕವಲುಗಳು ಅಲ್ಲಿಂದಲೇ ಹೊರಡುವುದರಿಂದ, ಹೊಲಿಯುವಷ್ಟು ಹೊತ್ತು ತಲೆಗೆ ಸರಬರಾಜು ಕಡಿಮೆಯಾಯಿತು, ಕೆಲವು ದಿನ ಗೊಂದಲವಿರುತ್ತದೆ ಅಂದರು. ಮೊದಲಿನಿಂದಲೂ ಇರುವ ಗೊಂದಲ ಯಾವುದು, ಆಪರೇಷನ್ನಿನದು ಯಾವುದು ಎಂದು ಬೇರ್ಪಡಿಸುವ ಕೆಲಸವನ್ನು ಗಿರಿಜಳಿಗೆ ವಹಿಸಲಾಗಿದೆ.

ಮನೆಯಲ್ಲಿ ಈಗ ಶಿಸ್ತೋ ಶಿಸ್ತು. ಕಾಲು ಸ್ವಲ್ಪ ಊದಿತ್ತು. ನಮ್ಮಲ್ಲಿ ಕೊಬ್ಬರಿ ಸುಲಿಯುವ ಭೈರಮ್ಮ ಬಂದು, ಬೆರಳಲ್ಲಿ ಒತ್ತಿ ನೋಡಿ, ‘ನೀರು ತುಂಬ್ಕಂಡೈತೆ ಕಣಮ್ಮ, ಆರಬೇಕು’ ಅಂತ ತೀರ್ಪು ಕೊಟ್ಟಳು. ಅದು ಸರಿಯೇ ಅಲ್ಲವೇನೋ? ಕಾಯಿಯೊಳಗೆ ನೀರು ಉಳಿದರೆ ಕೊಳೆ, ಆರಿದರೆ ಉಂಡೆಕೊಬ್ಬರಿ. ಹನ್ನೊಂದು ತಿಂಗಳು ಅಟ್ಟದಲ್ಲಿ ಮುಟ್ಟದೆ ಇಟ್ಟು ಇದನ್ನೇ ಮಾಡಿಕೊಂಡು ಬದುಕಿದ ವಂಶ ನಮ್ಮದು. ಆದ್ದರಿಂದ ದಿನಕ್ಕೆ ಒಂದು ಚೊಂಬು ನೀರು, ಉಪ್ಪಿಲ್ಲದ ಸಾರು, ಬಿಪಿಗೆ ಆಸ್ಪತ್ರೆಯ ಹೊಸ ಮಾತ್ರೆ, ಅದರ ಜೊತೆಗೆ ಹತ್ತು ವರ್ಷದಿಂದ ನುಂಗುತ್ತಿದ್ದ ಹಳೇ ಮಾತ್ರೆ. ದಿನಾ ಬೆಳಿಗ್ಗೆ ಗಿರಿಜ ಮಿಷನ್ನು ಕಟ್ಟಿ ಬಿಪಿ ನೋಡಿ, ಅಟ್ಟಕ್ಕೆ ಕಾಯಿ ತುಂಬಿದ ತಾರೀಖು ಬರೆಯುವ ಗೋಡೆಯ ಮೇಲೆ ಇದ್ದಿಲಲ್ಲಿ ಬರೆಯುತ್ತಾಳೆ. ಮನೆಗೆ ಬಂದಾಗ 136. ಇವತ್ತು 124. ಇಳಿಯುತ್ತಿದೆ ಕಣ್ಲಾ.

ನಲವತ್ತೆಂಟು ವರ್ಷದ ಗೆಳೆಯ ಸಾಯಲು ಮಲಗಿದ್ದಾಗ ಬರದ ನಿನಗೆ ನಾಚಿಕೆಯಾಗಲಿ.

ಇಂತಿ,
ಬಟ್ಟೆಯ ನಾಳದ ತೋಂಟದಾರ್ಯ


ಮಾಯಸಂದ್ರ
12-8-2024, ಸೋಮವಾರ

ಶ್ರೀಮಾನ್ ತೋಂಟದಾರ್ಯಪ್ಪನವರ ಟೆರಿಕಾಟ್ ಹೃದಯಕ್ಕೆ ನೀರುಗಂಟಿಯ ನಮಸ್ಕಾರ.

ಕೆಂಪಿಂಕು ನಮ್ಮನೇಲಿ ಇಲ್ಲ. ಕುಂಕುಮ ಕಲಸಿ ಗೀಟು ಎಳೆದಿದ್ದೀನಿ, ನೋಡ್ಕೋ. ಊರು ಸರಿ, ತಾರೀಖು ಸರಿ, ವಾರ ಸರಿ. ಮೂರಕ್ಕೆ ಮೂರು. ಹೈಸ್ಕೂಲಲ್ಲಿ ನಿನಗೆ ಯಾವತ್ತೂ ಬರದಿದ್ದ ಮಾರ್ಕು.

ಆಸ್ಪತ್ರೆಗೆ ಬರಲಿಲ್ಲ ಅಂತ ಬೈದಿದ್ದೀಯ. ಬೈಸ್ಕೊಳ್ಳೋಕೆ ಲಾಯಕ್ಕಾದೋನೇ ನಾನು. ಆವಾಗ ಮಂಡಿ ಹಿಡ್ಕಂಡಿತ್ತು. ಅದೂ ಅಲ್ದೆ ನಮ್ಮ ಎಮ್ಮೆ ಕರ ಹಾಕೋ ಹೊತ್ತು. ಬಾಣಂತಿ ಬಿಟ್ಟು ಬೆಂಗಳೂರಿಗೆ ಬರೋದು ಹೆಂಗೆ ಹೇಳು. ಬುಡು, ಇನ್ನೊಂದು ಸಲ ನಿನ್ನ ಎದೆ ತೆರೆದಾಗ ಖಂಡಿತ ಬತ್ತೀನಿ.

ಬಿಪಿ 124 ಅಂತೀಯ. ಹೊಟ್ಟೆ ಉರೀತು ಕಣ್ಲಾ. ನಂದು ನೂರೈವತ್ತು ಬಿಟ್ಟು ಇಳೀತಾನೇ ಇಲ್ಲ. ನಮ್ಮ ನರ್ಸಮ್ಮ ರಾಮಲಕ್ಷ್ಮಮ್ಮ, ಅದೇ ಮನೆಮನೆಗೆ ಬಂದು ಸೂಜಿ ಹಾಕೋ ಆಯಮ್ಮ, ಬೀದೀಲಿ ಸಿಕ್ಕಿದ್ರೆ ಉಪ್ಪಿನಕಾಯಿ ಕದ್ದೋನನ್ನ ನೋಡಿದಂಗೆ ನೋಡ್ತಾಳೆ. ಗಿರಿಜಕ್ಕನ್ನ ಒಂದು ವಾರ ನಮ್ಮನೆಗೆ ಕಳಿಸು, ನನ್ನನ್ನೂ ಆರ್‌ಹಾಕಲಿ.

ನಿನ್ನ ತಲೆ ಹೆಂಗಿದೆ ಅಂತ ಪರೀಕ್ಷೆ ಮಾಡೋಕೆ ಒಂದು ಪ್ರಶ್ನೆ. ಎಸ್ಸೆಸ್ಸೆಲ್ಸಿ ಗಣಿತದ ದಿನ ಮೈಮೇಲೆ ದೇವರು ಬಂದಂಗೆ ಆಡಿ, ಹೆಡ್‌ಮಾಸ್ತರ ಕೈಲೇ ಮಂಗಳಾರತಿ ಮಾಡಿಸ್ಕಂಡು ಪರೀಕ್ಷೆ ತಪ್ಪಿಸ್ಕಂಡೋನು ಯಾರು? ಉತ್ತರ ಕಾಗದದ ಹಿಂದೆ ಬರೆದಿಲ್ಲ.

ನಿನ್ನ
ರಂಗ


ಹಾಲ್ಕುರಿಕೆ
17-8-2024, ಬುಧವಾರ

ಲೇ ರಂಗ,

ಉತ್ತರ: ನಾನೇ. ಹೆಡ್‌ಮಾಸ್ತರು ಆರತಿ ತಟ್ಟೆಗೆ ಹಾಕಿದ ನಾಲ್ಕಾಣೆಯನ್ನು ಆಮೇಲೆ ಎತ್ತಿಕೊಂಡು ಬೋಂಡ ತಿಂದವನು ನೀನು.

ಇದನ್ನು ಮಲಗಿಕೊಂಡೇ ಬರೆಯುತ್ತಿದ್ದೇನೆ. ಎದೆಗೆ ದಿಂಬು ಒತ್ತಿಕೊಂಡು, ಪಕ್ಕಕ್ಕೆ ತಿರುಗಿ. ಇವತ್ತು ಗೋಡೆಯ ಮೇಲೆ 112. ಭೈರಮ್ಮ ಬಂದವಳು ಅಷ್ಟೊಂದು ಇಳಿದ ಅಂಕಿ ನೋಡಿ ಗಿರಿಜಳ ದೃಷ್ಟಿ ತೆಗೆದು ಹೋದಳು. ದೃಷ್ಟಿಯಾಗಬೇಕಾದದ್ದು ನನಗೆ, ಬಿಪಿ ನನ್ನದು. ಆದರೆ ಈ ಮನೆಯಲ್ಲಿ ಯಾವ ಬೆಳೆ ಚೆನ್ನಾಗಿ ಬಂದರೂ ಹೆಸರು ಅವಳಿಗೇ.

ಒಂದು ಅನುಮಾನ ಮಾತ್ರ. ನಿನ್ನ ಎಮ್ಮೆಯನ್ನು ಹೋದ ವರ್ಷವೇ ಮಾರಿದೆಯಲ್ಲ? ದಂಡಿನಶಿವರದವರಿಗೆ. ಮಾರಿ ಎರಡು ದಿನ ಊಟ ಬಿಟ್ಟಿದ್ದೆ ಅಂತ ನೀನೇ ಹೇಳಿದ್ದ ನೆನಪು. ಅಥವಾ ಇದೂ ನನ್ನ ತಲೆ ಕಟ್ಟಿದ ಕಥೆಯೋ? ಲಿಖಿತಾ ಹೇಳಿದ್ದಾಳೆ, ಆಗದೇ ಇದ್ದದ್ದೂ ಆದ ಹಾಗೆ ನೆನಪಾಗಬಹುದು ಅಂತ. ಎಮ್ಮೆ ಇದೆಯೋ ಇಲ್ಲವೋ ಅಷ್ಟು ಹೇಳು ಸಾಕು. ಅದರ ಮೇಲೆ ಉಳಿದ ನೆನಪುಗಳ ಬೆಲೆ ಕಟ್ಟುತ್ತೇನೆ.

ತಾಳು, ಗಿರಿಜ ಕಾಫಿ ತಂದಳು. ಬೆನ್ನಿಗೆ ದಿಂಬು ಕೊಟ್ಟು ಗೋಡೆಗೆ ಒರಗಿಸಿ ಕೂರಿಸಿದ್ದಾಳೆ.

ಕಾಫಿ ಆಯಿತು. ಏನು ಹೇಳುತ್ತಿದ್ದೆ. ಕಾಯಿ. ಕಾಯಿ ಅಲ್ಲಾಡಿಸಿ ಕಿವಿಗೆ ಹಿಡಿದರೆ ನೀರಿನ ಸದ್ದು ಬರಬಾರದು, ಒಳಗೆ ಉಂಡೆ ಲೊಟಲೊಟ ಅನ್ನಬೇಕು. ನನ್ನ ತಲೆ ಹಾಗನ್ನುತ್ತಿದೆ. ತಾವು ಕಳಿಸಿದ ಮಾಲು ತಲುಪಿದೆ. ಹದ ಚೆನ್ನಾಗಿದೆ. ತಮ್ಮ ಊರಿನಲ್ಲಿ ಮಳೆ ಬೆಳೆ ಹೇಗೆ. ನಮ್ಮ ತಂದೆಯವರು ಕೊಬ್ಬರಿ ಮಂಡಿಯಿಂದ ಇನ್ನೂ ಬಂದಿಲ್ಲ, ಬಂದ ಕೂಡಲೇ ತಿಳಿಸುತ್ತೇನೆ. ಕಾಯಿ ಎಣಿಸುವಾಗ ಎಣಿಸುವಾಗ ಗೋಡೆ ಸ್ವಲ್ಪ ಈ ಕಡೆ ಬರುತ್ತಿದೆ

ತಮ್ಮ ವಿಶ್ವಾಸಿ


ಮಾಯಸಂದ್ರ
22-8-2024, ಗುರುವಾರ

ಲೇ ತೋಂಟ,

ವಾರ ತಪ್ಪು. ಹದಿನೇಳು ಶನಿವಾರ. ತಪ್ಪಿದ್ರೆ ಹೇಳಬೇಡ ಅಂದಿದ್ದೆ, ಅದಕ್ಕೇ ಹೇಳ್ತಾ ಇದ್ದೀನಿ.

ಕಾಗದದ ಕೊನೇಲಿ ‘ತಾವು’, ‘ಮಾಲು ತಲುಪಿದೆ’, ಸ್ವರ್ಗದಲ್ಲಿರೋ ನಿಮ್ಮಪ್ಪ ಮಂಡಿಯಿಂದ ಬಂದಿಲ್ಲ! ಎರಡು ಸಲ ಓದಿ ಗಾಬರಿಯಾಗಿ, ಮೂರನೇ ಸಲ ಓದೋವಾಗ ನಗು ಬಂತು. ಗಣಿತದ ಪರೀಕ್ಷೆ ನೆನಪು ಮಾಡಿದ್ದೇ ತಡ, ಅದೇ ನಾಟಕ ಮತ್ತೆ ಶುರು ಮಾಡಿದ್ದೀಯ ಅಲ್ವಾ? ಅರವತ್ನಾಲ್ಕಾದ್ರೂ ಬುದ್ಧಿ ಬರಲಿಲ್ಲ. ಮಂಗಳಾರತಿ ಮಾಡೋಕೆ ಈಗ ಹೆಡ್‌ಮಾಸ್ತರೂ ಇಲ್ಲ ಕಣಪ್ಪ.

ಅಲ್ಲ, ನಾಟಕ ತಾನೇ? ಮುಂದಿನ ಕಾಗದದಲ್ಲಿ ಹೌದು ಅಂತ ಒಂದು ಮಾತು ಬರಿ.

112ಕ್ಕೆ ಅಭಿನಂದನೆ. ಇದೇ ಓಟದಲ್ಲಿ ನೂರರ ಒಳಗೆ ಬಂದ್ರೆ ನಿಮ್ಮೂರ ಮಠದ ಮುಂದೆ ಸನ್ಮಾನ ಇಟ್ಕೊಳೋಣ. ಹಾರ ನಂದು, ಶಾಲು ಗಿರಿಜಕ್ಕಂದು.

ಎಮ್ಮೆ ವಿಚಾರ. ಎಮ್ಮೆ ಇದೆ ಕಣ್ಲಾ. ಹಳೇದು ಹೋಯ್ತು, ಇದು ಬೇರೆ. ಅದರ ವಿಚಾರ ಜಾಸ್ತಿ ತಲೆಗೆ ಹಚ್ಕೋಬೇಡ. ನೀರು ಕುಡಿ. ಚೊಂಬಿಗೆ ಇನ್ನೊಂದು ಲೋಟ ಸೇರಿಸು ಅಂತ ಗಿರಿಜಕ್ಕಂಗೆ ಹೇಳು. ನೀರುಗಂಟಿ ಹೇಳಿದ ಅನ್ನು.

ನಿನ್ನ
ರಂಗ


ಹಾಲ್ಕುರಿಕೆ ಅಥವಾ ಬೆಂಗಳೂರು
26-8-1984

ರಂಗ,

98. ಪಿಯುಸಿಯಲ್ಲಿ ನನಗೆ ಯಾವ ಸಬ್ಜೆಕ್ಟಿನಲ್ಲೂ ಇಷ್ಟು ಬಂದಿರಲಿಲ್ಲ. ಗಿರಿಜ ದೇವರಿಗೆ ದೀಪ ಹಚ್ಚಿದಳು. ಶಾಲು ಅವಳದೇ ಅಂತ ನೀನು ಬರೆದದ್ದಕ್ಕೆ ಬೀರು ತೆಗೆದು ನೋಡುತ್ತಿದ್ದಾಳೆ.

ನಾಟಕ ಎಂದರೆ ಯಾವುದು. ನಾನು ಯಾವ ನಾಟಕದಲ್ಲೂ ಇಲ್ಲ.

ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಹಗಲು ತುಂಬ ದೂರ ಹೋಗುತ್ತದೆ. ಎದ್ದು ನಿಂತರೆ ಮನೆ ಬೇರೆಯವರದು. ಬಾಗಿಲು ಇರಬೇಕಾದ ಕಡೆ ಇಲ್ಲ. ಮಲಗಿದರೆ ಮತ್ತೆ ನಮ್ಮ ಮನೆಯೇ. ಇದಕ್ಕೆ ಏನೆನ್ನುತ್ತಾರೆ? ನಿನ್ನೆ ನನ್ನ ಹೆಂಡತಿಯನ್ನು ಕರೆಯಬೇಕಾಗಿತ್ತು, ಹೆಸರು ಸಿಗಲಿಲ್ಲ, ಕೆಮ್ಮಿದೆ. ಬಂದಳು. ನಲವತ್ತು ವರ್ಷದ ಸಂಸಾರದಲ್ಲಿ ಕೆಮ್ಮು ಸಾಕು. ಅವಳಿಗೆ ಹೇಳಬೇಡ.

ನೀನು ಆಸ್ಪತ್ರೆಗೆ ಬರಲಿಲ್ಲ. ಯಾರೂ ಬರಲಿಲ್ಲ. ಕರೆಂಟಿನವನೊಬ್ಬ ಬಂದಿದ್ದ, ಮೀಟರ್ ಓದಲು. ನೀವು ಯಾರು, ಮೀಟರ್‌ನವರಾ ಎಂದು ಕೇಳಿದೆ. ಹೌದು ಸಾಮಿ ಅಂದ. ನನ್ನ ತಲೆಯ ಮೇಲೆ ಇದ್ದ ಪೆಟ್ಟಿಗೆಯ ಅಂಕಿ ನೋಡಿ ಅಂಗೈ ಮೇಲೆ ಬರೆದುಕೊಂಡ. ಒಳ್ಳೆಯ ಮನುಷ್ಯ. ಆದರೆ ಮೀಟರ್ ಓದುವವನು ಯಾಕೆ ಕಣ್ಣು ಒರೆಸಿಕೊಳ್ಳಬೇಕು, ಅದು ಇವತ್ತಿಗೂ ನನಗೆ ತಿಳಿದಿಲ್ಲ. ಬಿಲ್ಲು ಹೆಚ್ಚು ಬಂದಿತ್ತೇನೋ.

ತಾಳು

(ರಂಗಣ್ಣನವರಿಗೆ, ಗಿರಿಜಾಂಬಿಕಾ ಮಾಡುವ ನಮಸ್ಕಾರಗಳು. ಇವರು ಬರೆಯುತ್ತಾ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಮಲಗಿಸಿದ್ದೇನೆ, ಈಗ ಸರಿಯಾಗಿದ್ದಾರೆ. ಈ ವಾರ ಎದ್ದು ನಿಂತಾಗ ಎರಡು ಸಲ ಬಿದ್ದರು. ನಿಮಗೆ ಬರೆಯಬೇಡ ಅಂದಿದ್ದರು. ಬಿಪಿ ಮಾತ್ರ ಬಹಳ ಚೆನ್ನಾಗಿದೆ, ದೇವರ ದಯೆ. ಹದಿನೈದನೇ ತಾರೀಖಿಗೆ ಡಾಕ್ಟರು ಬರಹೇಳಿದ್ದಾರೆ, ಅಂಕಿ ನೋಡಿ ಸಂತೋಷಪಡುತ್ತಾರೆ. ಒಂದು ಕೇಳುತ್ತೇನೆ. ಬಿಪಿ ಇಷ್ಟು ಇಳಿದರೂ ಇವರು ಯಾಕೆ ಹೀಗೆ ಆಗುತ್ತಿದ್ದಾರೆ ಅಣ್ಣ?)


ಬಸ್ಸಿನಲ್ಲಿ
30-8-2024, ಶುಕ್ರವಾರ ಬೆಳಿಗ್ಗೆ

ಗಿರಿಜಕ್ಕ,

ಇದನ್ನ ನಾನೇ ತಂದು ನಿಮ್ಮ ಕೈಗೆ ಕೊಡ್ತಾ ಇದ್ದೀನಿ. ನಿಂತ ಕಡೆಯೇ ಓದಿ. ಬಾಯಲ್ಲಿ ಹೇಳೋಕೆ ಹೋದ್ರೆ ನಾನು ಕಿರುಚ್ತೀನಿ, ನೀವು ಕೇಳಿದ್ದು ನನಗೆ ಕೇಳಲ್ಲ, ಬೀದಿ ಸೇರುತ್ತೆ. ನಿನ್ನೆ ಕಾಗದ ಬಂತು. ನಿಮಗೆ ಫೋನು ಮಾಡು ಅಂತ ಸೊಸೆ ಶಿಲ್ಪಂಗೆ ಹೇಳಿದೆ. ಫೋನು ಅಟ್ಟದ ಮೇಲೆ ಅಂತ ಆಮೇಲೆ ಜ್ಞಾನೋದಯ ಆಯ್ತು. ಕೊನೇ ಬಸ್ಸು ಹೋಗಿತ್ತು. ಅಕ್ಷರ ಕುಣೀತಾವೆ, ರಸ್ತೆ ಹಂಗಿದೆ.

ಮೊದಲು ತೋಂಟನ್ನ ಮಟ್ಟಸವಾಗಿ ಮಲಗಿಸಿ. ದಿಂಬು ಬೇಡ. ಅವನು ಎಷ್ಟು ಬೈದ್ರೂ ಕೂರಿಸಬೇಡಿ. ಬೆಳಗಿನ ಮಾತ್ರೆ ಕೊಟ್ಟಿಲ್ಲದಿದ್ರೆ ಡಾಕ್ಟರನ್ನ ಕೇಳೋ ತನಕ ಕೊಡಬೇಡಿ. ಏಣಿ ತರಿಸಿ, ಫೋನು ಇಳಿಸಿ, ಆಸ್ಪತ್ರೆಗೆ ಮಾಡಿ. ‘98, ಎರಡು ಸಲ ಬಿದ್ದರು, ಮಾತು ತಪ್ಪುತ್ತೆ’ ಇಷ್ಟೇ ಹೇಳಿ. ಹದಿನೈದನೇ ತಾರೀಖು ಬೇಡ, ಇವತ್ತು.

ಯಾಕೆ ಅಂದ್ರೆ ಹೇಳ್ತೀನಿ. ನಮ್ಮೂರಲ್ಲಿ ದಿಬ್ಬದ ಬೀದಿ ಅಂತ ಇದೆ, ಲೈನಿನ ಕೊನೆ. ವಾಲ್ವು ಸ್ವಲ್ಪ ತಿರುಗಿಸಿದ್ರೆ ಕೆಳಗಿನ ಬೀದಿಗಳಿಗೆ ಏನೂ ಆಗಲ್ಲ, ಬಿಂದಿಗೆ ತುಂಬುತ್ತೆ, ನೀರುಗಂಟಿ ದೇವರಂಥೋನು ಅಂತಾರೆ. ದಿಬ್ಬದವರ ನಲ್ಲೀಲಿ ಮಾತ್ರ ಬರೀ ಗಾಳಿ ಬುಸ್ ಅನ್ನುತ್ತೆ. ಪ್ರೆಷರ್ ಇಳಿಸಿದ್ರೆ ಮೊದಲು ಒಣಗೋದು ಎತ್ತರದ ಬೀದಿ. ಮನುಷ್ಯ ಎದ್ದು ಕೂತ್ರೆ ತಲೆ ದಿಬ್ಬ, ಮಲಗಿದ್ರೆ ತಲೆನೂ ಕೆಳಗಿನ ಬೀದಿ. ಅವನ ಕಾಗದಗಳನ್ನ ರಾತ್ರಿ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಮಲಗಿ ಬರೆದದ್ದೆಲ್ಲ ಸರಿಯಾಗಿದೆ, ನನ್ನ ಬೋಂಡ ಸಮೇತ. ಕೂತು ಬರೆದದ್ದು ಹಾಳು. ‘ಮಲಗಿದರೆ ಮತ್ತೆ ನಮ್ಮ ಮನೆಯೇ’ ಅಂತ ಅವನೇ ಬರೆದಿದ್ದಾನೆ. ಮೂವತ್ತು ವರ್ಷ ದಿಬ್ಬದವರ ಬೈಗುಳ ತಿಂದ ನನಗೆ ಇದು ಮೊದಲನೇ ಕಾಗದದಲ್ಲೇ ಹೊಳೀಬೇಕಿತ್ತು. ನಾನು ಹಾರ ಶಾಲು ಅಂತ ಕೂತೆ. ಅವನ ತಲೆ ಒಣಗ್ತಾ ಇತ್ತು, ನಾನು ಚಪ್ಪಾಳೆ ತಟ್ತಾ ಇದ್ದೆ.

ಇನ್ನೊಂದು ಇದೆ. ಇದರ ಜೊತೆ ಒಂದು ಚೀಟಿ ಇಟ್ಟಿದ್ದೀನಿ. ಆಸ್ಪತ್ರೆಯ ನರ್ಸಮ್ಮ ಬರೆದುಕೊಟ್ಟದ್ದು.

ನಾನು ಬಂದಿದ್ದೆ ಅಕ್ಕ. ಆಪರೇಷನ್ ಆದ ನಾಲ್ಕನೇ ದಿನ. ನೀವು ಆಗ ಔಷಧಿ ತರೋಕೆ ಕೆಳಗೆ ಹೋಗಿದ್ರಿ. ಅವನು ನನ್ನ ಮುಖ ನೋಡಿ, ನೀವು ಯಾರು, ಮೀಟರ್‌ನವರಾ ಅಂದ. ತಮಾಷೆ ಮಾಡ್ತಾ ಇದ್ದಾನೆ ಅಂದ್ಕಂಡು ಹೌದು ಸಾಮಿ ಅಂದೆ. ಆಮೇಲೆ ಅವನ ಕಣ್ಣು ನೋಡಿದೆ. ತಮಾಷೆ ಇರಲಿಲ್ಲ. ಏನು ಮಾಡಬೇಕು ಅಂತ ತೋಚದೆ ಅವನ ತಲೆ ಮೇಲಿನ ಪೆಟ್ಟಿಗೇಲಿ ಇದ್ದ ಅಂಕಿ ಅಂಗೈ ಮೇಲೆ ಬರ್ಕಂಡೆ. 142. ನನ್ನ ಬಿಪಿಗಿಂತ ಸ್ವಲ್ಪ ಕಡಿಮೆ. ಇಷ್ಟ್ಯಾಕೆ ಏರಿದೆ, ಇಳಿಸೋರು ಯಾರೂ ಇಲ್ವಾ ಅಂತ ಕೇಳಿದೆ. ಕೇಳಿದ್ದು ಮೂರು ಮಂಚದ ಆಚೆಗೂ ಕೇಳಿಸಿರಬೇಕು. ಆ ನರ್ಸಮ್ಮ ಹೇಳಿದ್ದು ನನಗೆ ಕೇಳಲಿಲ್ಲ, ಚೀಟೀಲಿ ಬರೆದುಕೊಟ್ಟಳು: ‘ತಲೆಗೆ ರಕ್ತ ಹೋಗಲಿ ಅಂತ ಬೇಕೆಂದೇ ಇಷ್ಟು ಇಟ್ಟಿದ್ದೇವೆ. ತುಂಬಾ ಇಳಿಯಬಾರದು.’

ಈ ಚೀಟಿ ಒಂದೂವರೆ ತಿಂಗಳಿಂದ ನನ್ನ ಬಸ್ ಪಾಸಿನ ಒಳಗಿದೆ. ತೋರಿಸಬೇಕು ಅಂದ್ರೆ ಬಂದಿದ್ದೆ ಅಂತ ಹೇಳಬೇಕು. ಬಂದಿದ್ದೆ ಅಂದ್ರೆ, ನಲವತ್ತೆಂಟು ವರ್ಷದ ಗೆಳೆಯನ್ನ ನೀನು ಗುರುತಿಸಲಿಲ್ಲ ಅಂತ ಅವನಿಗೆ ಹೇಳಬೇಕು. ಅದಕ್ಕೆ ಬಾಯಿ ಬರಲಿಲ್ಲ. ಎಮ್ಮೆ, ಮಂಡಿನೋವು ಅಂತ ಸುಳ್ಳು ಹೇಳಿದೆ. ಎಮ್ಮೆ ಇಲ್ಲ ಅಕ್ಕ. ಮಾರಿದ್ದೇ. ದಂಡಿನಶಿವರದವರಿಗೇ. ಅವನ ನೆನಪು ಸರಿಯಾಗಿತ್ತು, ನಾನು ತಪ್ಪು ಮಾಡಿಸಿದೆ. ಇದನ್ನ ಅವನಿಗೆ ತಲೆ ನೆಟ್ಟಗಿರೋವಾಗ ಓದಿ ಹೇಳಿ.

ತಿಪಟೂರು ಬಂತು. ಬಸ್ಸು ಬದಲಾಯಿಸಬೇಕು.

ರಂಗ


ಮಾಯಸಂದ್ರ
9-9-2024, ಸೋಮವಾರ

ತೋಂಟ,

ಆಂಬುಲೆನ್ಸಲ್ಲಿ ಒಬ್ಬರಿಗೇ ಜಾಗ ಅಂತ ನನ್ನನ್ನ ನಿಮ್ಮ ಜಗಲಿ ಮೇಲೇ ಬಿಟ್ಟು ಹೋದ್ರು. ಹತ್ತು ದಿನ ಆಯ್ತು. ಶಿಲ್ಪ ಫೋನು ಮಾಡಿದ್ರೆ ಗಿರಿಜಕ್ಕ ‘ಇದ್ದಾರೆ’ ಅಂತಷ್ಟೇ ಅಂದು ಇಡ್ತಾರಂತೆ.

ವಾರ ತಪ್ಪಿರಲಿ, ಇಸವಿ ತಪ್ಪಿರಲಿ, ನಿಮ್ಮಪ್ಪ ಮಂಡಿಯಿಂದ ಬರದೇ ಇರಲಿ. ಏನಾದ್ರೂ ಬರಿ.

ರಂಗ


ಹಾಲ್ಕುರಿಕೆ
18-9-2024, ಬುಧವಾರ

ಲೇ ರಂಗ,

ಕುಂಕುಮ ಕಲಸಿಕೋ. ಮೂರೂ ಸರಿ ಇರಬೇಕು. ಇದನ್ನು ಕೂತು ಬರೆಯುತ್ತಿದ್ದೇನೆ ಎಂಬುದನ್ನು ತಾವು ಗಮನಿಸಬೇಕಾಗಿ ವಿನಂತಿ.

ಬೆಂಗಳೂರಲ್ಲಿ ನನ್ನನ್ನು ಮಟ್ಟಸವಾಗಿ ಮಲಗಿಸಿ, ಮೊದಲು ನೀರು ಏರಿಸಿದರು. ಬಾಟಲಿ ಮೇಲೆ ಬಾಟಲಿ. ಹನ್ನೊಂದು ತಿಂಗಳು ಆರಿದ ಕೊಬ್ಬರಿಯನ್ನು ಮತ್ತೆ ಎಳನೀರು ಮಾಡುವ ಪ್ರಯತ್ನ. ಗಿರಿಜ ಇನ್ನೂ ಒಂದು ಆಸೆ ಇಟ್ಟುಕೊಂಡು ಗೋಡೆಯ ಅಂಕಿಗಳನ್ನು ಡಾಕ್ಟರಿಗೆ ಒಪ್ಪಿಸಿದಳು: 136, 124, 112, 98. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ‘ಫೈಲು ಓದಲಿಲ್ವಾ ಅಮ್ಮ’ ಅಂದರು. ಫೈಲು ದೇವರ ಪಟದ ಹಿಂದೆ ಇತ್ತು. ವಿಭೂತಿ ಹಚ್ಚಿ ಇಟ್ಟಿದ್ದಳು. ನೂರಿಪ್ಪತ್ತಕ್ಕಿಂತ ಇಳಿದರೆ ಫೋನು ಮಾಡಿ, ನೂರನಲವತ್ತು ದಾಟಿದರೂ ಮಾಡಿ, ಹಳೇ ಮಾತ್ರೆ ಕೊಡಬೇಡಿ ಅಂತ ಅದರಲ್ಲಿ ಇತ್ತಂತೆ. ಬಿಪಿ ಇಳಿದಷ್ಟೂ ಒಳ್ಳೆಯದು ಎಂದು ಊರಿಗೆ ಊರೇ ಹೇಳುತ್ತಿರುವಾಗ ಫೈಲು ಬಿಚ್ಚಬೇಕೆಂದು ಯಾರಿಗೆ ಅನ್ನಿಸಬೇಕು? ಕಾಗದ ಬರೆಯುತ್ತಾ ಬಿದ್ದಿದ್ದ ನನಗೂ ಅನ್ನಿಸಲಿಲ್ಲ.

ತಲೆಯ ಫೋಟೋ ತೆಗೆದರು. ಹೊಸದಾಗಿ ಏನೂ ಸತ್ತಿಲ್ಲ, ಬರೀ ಬಾಡಿತ್ತು ಅಂದರು. ಆಪರೇಷನ್ ದಿನದ ಎರಡು ಸಣ್ಣ ಮಚ್ಚೆ ಹಾಗೇ ಇವೆ, ಅವು ನನ್ನ ಜೊತೆಗೇ ಬರುತ್ತವೆ. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ ಎಂದು ಗಿರಿಜ ಕೇಳಿದಳು. ಡಾಕ್ಟರು ಅವಳು ತೋರಿಸಿದ ನಿನ್ನ ಬಸ್ಸಿನ ಕಾಗದ ತಿರುಗಿಸಿ ನೋಡಿ, ದಿಬ್ಬದ ಬೀದಿ ಅಂತ ಬರೆದವರು ಯಾವ ಡಾಕ್ಟರು ಎಂದು ವಿಚಾರಿಸಿದರಂತೆ. ಮಾಯಸಂದ್ರದವರು, ಗಂಟಲಿನ ತಜ್ಞರು ಅಂದಳಂತೆ. ನಿನ್ನ ಕಿರುಚಾಟ ಅವಳ ಕಿವಿಯಲ್ಲಿ ಇನ್ನೂ ಇತ್ತು.

ಈಗ ಎದ್ದೇಳುವುದು ಮೂರು ಕಂತಿನಲ್ಲಿ. ಮೊದಲು ಹೊರಳಬೇಕು, ಆಮೇಲೆ ಕೂತು ಇಪ್ಪತ್ತು ಎಣಿಸಬೇಕು, ಆಮೇಲೆ ಏಳಬೇಕು. ಕಾಲುವೆಗೆ ನೀರು ಬಿಟ್ಟು ಕೊನೇ ಗಿಡ ಮುಟ್ಟುವ ತನಕ ಕಾಯುವ ಹಾಗೆ. ಗಿರಿಜ ಗೋಡೆಗೆ ಸುಣ್ಣ ಬಳಿದುಬಿಟ್ಟಿದ್ದಾಳೆ, ಕಾಯಿ ತುಂಬಿದ ತಾರೀಖೂ ಹೋಯಿತು. ಒಂದು ಚೊಂಬಿದ್ದ ಜಾಗದಲ್ಲಿ ಈಗ ಮೂರು ಚೊಂಬು ಇರುತ್ತವೆ. ನಾನು ಬೇಡವಾದರೂ ಕುಡಿಯುತ್ತೇನೆ. ಅವಳು ಆ ಕಡೆ ನೋಡುತ್ತಾ ಎಣಿಸುತ್ತಾಳೆ.

ಎಲ್ಲಾ ವಾಪಸು ಬಂದಿದೆ ಅಂದರೆ ಸುಳ್ಳಾಗುತ್ತದೆ. ನಿನ್ನೆ ಭೈರಮ್ಮ ಕಾಯಿ ತಂದು ಕೈಗೆ ಕೊಟ್ಟಳು. ಅಲ್ಲಾಡಿಸಿದೆ, ಹದ ಗೊತ್ತಾಯಿತು, ಇನ್ನೊಂದು ತಿಂಗಳು ಬೇಕು ಅಂದೆ. ಆದರೆ ಕೈಯಲ್ಲಿದ್ದ ವಸ್ತುವಿನ ಹೆಸರು ಬರಲಿಲ್ಲ. ಕಾಯಿ, ರಂಗ. ತೆಂಗಿನಕಾಯಿ. ಅರವತ್ನಾಲ್ಕು ವರ್ಷ ತಿಂದದ್ದು, ಮಾರಿದ್ದು. ಎಷ್ಟೋ ಹೊತ್ತಿನ ಮೇಲೆ ಸ್ನಾನ ಮಾಡುವಾಗ ಬಂತು. ಒಬ್ಬನೇ ಹೇಳಿಕೊಂಡೆ.

ಗಿರಿಜ ನಿನ್ನ ಬಸ್ಸಿನ ಕಾಗದ ಓದಿದಳು. ಎಮ್ಮೆಯ ಜಾಗಕ್ಕೆ ಬಂದಾಗ ಇನ್ನೊಂದು ಸಲ ಓದು ಅಂದೆ. ಅಯೋಗ್ಯ, ಆ ಎಮ್ಮೆ ಇಲ್ಲ ಅಂತ ನನಗೆ ಗೊತ್ತಿತ್ತು. ನೀನು ಇದೆ ಅಂದ ಮೇಲೆ ನಮ್ಮ ಮದುವೆಯ ತಾರೀಖನ್ನೂ ಅನುಮಾನಿಸಿದ್ದೆ. ಇನ್ನು ಮೇಲೆ ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳಬೇಡ. ಬೇಕಾದರೆ ಬೈ.

ಮಿಕ್ಕ ಮಾತು. ಆಸ್ಪತ್ರೆಗೆ ಬಂದವನು ನೀನು ಎಂದು ಈಗ ತಿಳಿಯಿತು. ತಿಳಿಯಿತು ಅಷ್ಟೇ, ನೆನಪಾಗಲಿಲ್ಲ. ಕಣ್ಣು ಮುಚ್ಚಿ ಬಹಳ ಪ್ರಯತ್ನ ಮಾಡಿದೆ. ಮೀಟರ್‌ನವನು ಬರುತ್ತಾನೆ, ಅಂಗೈ ಮೇಲೆ ಬರೆಯುತ್ತಾನೆ, ಕಣ್ಣು ಒರೆಸುತ್ತಾನೆ. ಅವನ ಮುಖಕ್ಕೆ ನಿನ್ನ ಮುಖ ಅಂಟಿಸಲು ಹೋದರೆ ಕೂರುವುದಿಲ್ಲ, ಜಾರುತ್ತದೆ. ಆ ಶುಕ್ರವಾರ ನೀನು ಬಾಗಿಲಲ್ಲಿ ನಿಂತು ಕಿರುಚುತ್ತಿದ್ದಾಗಲೂ ನಾನು ಗಿರಿಜಳಿಗೆ, ‘ಮೀಟರ್‌ನವರು ಬಂದಿದ್ದಾರೆ, ಕಾಫಿ ಕೊಡು’ ಅಂದೆನಂತೆ. ಆಮೇಲೆ ನೀನು ನನ್ನನ್ನು ನೆಲದ ಮೇಲೆ ಮಲಗಿಸಿ, ಕಾಲುಗಳನ್ನು ಕೊಬ್ಬರಿ ಮೂಟೆಯ ಮೇಲೆ ಇಟ್ಟೆಯಂತೆ. ಅದು ಸ್ವಲ್ಪ ನೆನಪಿದೆ. ಅಟ್ಟದ ಹಲಗೆ ಕಾಣುತ್ತಿತ್ತು, ಯಾರೋ ಕಾಲು ಹಿಡಿದುಕೊಂಡಿದ್ದರು, ಬಿಡಲಿಲ್ಲ.

ಭಾನುವಾರ ಬಾ. ಉಪ್ಪು ಹಾಕಿದ ಸಾರು ಇರುತ್ತದೆ, ನನ್ನದು ಅಳತೆಯದು, ನಿನ್ನದು ರಾಮಲಕ್ಷ್ಮಮ್ಮನಿಗೆ ಹೇಳುವುದಿಲ್ಲ. ಬೆಳಗ್ಗೆ ನನ್ನ ತಲೆ ಚೆನ್ನಾಗಿರುತ್ತದೆ, ಆದರೂ ಗ್ಯಾರಂಟಿ ಕೊಡಲಾರೆ. ಬಾಗಿಲು ತೆರೆದಾಗ ನಾನು ನಿನ್ನನ್ನು ಗುರುತಿಸದಿದ್ದರೆ ಬೇಜಾರು ಮಾಡಿಕೊಂಡು ವಾಪಸು ಹೋಗಬೇಡ. ಮೀಟರ್ ಓದಲು ಬಂದಿದ್ದೀನಿ ಅನ್ನು. ಒಳಗೆ ಬಿಡುತ್ತೇನೆ.

ನಿನ್ನ
ತೋಂಟ

ಇವತ್ತು 128.